ಗುಂಡುಸೂಜಿ ಕಾರ್ಖಾನೆ ಮತ್ತು ತೋಟಿಯ ಆಯ

ಕಾಲೇಜಿನಲ್ಲಿ ಅರ್ಥಶಾಸ್ತ್ರ ತಗೊಂಡ ನಮ್ಮ ಹುಡುಗರಿಗೆ ಮೊದಲು ಸಿಗೋದು ಗುಂಡುಸೂಜಿ ಕಾರ್ಖಾನೆಯ ಕತೆ. 1776ರಲ್ಲಿ ಆಡಮ್ ಸ್ಮಿತ್ ಬರೆದದ್ದು. ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ. ಒಬ್ಬೊಬ್ಬನೇ ಕೂತರೆ ತಲೆಗೆ 20 ಕೂಡ ಆಗೋದಿಲ್ಲ. ಇದಕ್ಕೆ ಶ್ರಮವಿಭಜನೆ ಅಂತ ಹೆಸರು. ಆಮೇಲೆ ಬೇಡಿಕೆ, ಪೂರೈಕೆ ಎಂಬ ಎರಡು ಗೆರೆ. ಕೂಲಿ ಕಮ್ಮಿ ಇರೋ ಕಡೆಯಿಂದ ಜಾಸ್ತಿ ಇರೋ ಕಡೆಗೆ ಕೆಲಸಗಾರ ಹೋಗ್ತಾನೆ. ಗೆರೆಗಳು ಕೂಡಿದಲ್ಲಿ ಕೂಲಿ ನಿಲ್ಲುತ್ತೆ. ಇದು ಸೂಕ್ಷ್ಮ ಅರ್ಥಶಾಸ್ತ್ರ.

ಗೆಳೆಯರೆ, ನಮ್ಮ ಕೇರಿಯ ತೋಟಿಯನ್ನು ಈ ಗೆರೆಯ ಮೇಲೆ ಎಲ್ಲಿ ನಿಲ್ಲಿಸೋಣ? ಅವನ ಕೆಲಸ ಗೊತ್ತುಮಾಡಿದ್ದು ಅವನ ಹುಟ್ಟು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಪಡೆದ ಆಯವೇ ಕೂಲಿ. ಚೌಕಾಸಿ ಇಲ್ಲ, ಬಿಟ್ಟುಹೋಗೋ ದಾರಿಯೂ ಇಲ್ಲ. ವಂಶಪಾರಂಪರ್ಯದ ಗ್ರಾಮಚಾಕರಿ ರದ್ದು ಮಾಡೋ ಕಾನೂನು ನಮ್ಮ ರಾಜ್ಯದಲ್ಲಿ ಬಂದದ್ದೇ 1961ರಲ್ಲಿ.

ಈ ಪ್ರಶ್ನೆಯನ್ನು ಅರ್ಥಶಾಸ್ತ್ರದ ಒಳಗಿನಿಂದಲೇ ಎತ್ತಿದವರು ಅಂಬೇಡ್ಕರ್. ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಅವರು ಓದಿದ್ದು ಇದೇ ಶಾಸ್ತ್ರ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಇದನ್ನೇ ಪಾಠ ಹೇಳಿದರು. ಅಧ್ಯಾಪಕರ ನೀರಿನ ಪಾತ್ರೆಯನ್ನು ಅವರು ಮುಟ್ಟಬಾರದು ಅಂತ ಸಹೋದ್ಯೋಗಿಗಳೇ ತಕರಾರು ತೆಗೆದರು. ಅದೇ ವರ್ಷ ಸಣ್ಣ ಹಿಡುವಳಿಗಳ ಬಗ್ಗೆ ಬರೆದರು: ಬೇರೆ ಕೆಲಸವಿಲ್ಲದೆ ಜನ ಹೊಲಕ್ಕೇ ಅಂಟಿಕೊಂಡಿರೋದೇ ರೋಗ, ಕೈಗಾರಿಕೆ ಬೆಳೆಸಿ ಅಂತ. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಗ್ರಂಥ ಬಂತು. ಸರ್ಕಾರ ಮನಸ್ಸಿಗೆ ಬಂದಷ್ಟು ನಾಣ್ಯ ಬಿಡೋದನ್ನು ತಡೆಯಬೇಕು, ರೂಪಾಯಿಗೆ ಕೊಳ್ಳುವ ಶಕ್ತಿ ಉಳಿಯಬೇಕು ಅಂದರು. ಬೆಲೆ ಏರಿದರೆ ದುಡಿದು ತಿನ್ನುವವನ ಹೊಟ್ಟೆಗೇ ತಾನೆ ಮೊದಲ ಪೆಟ್ಟು?

ಆಮೇಲೆ ಬಂದದ್ದು 1936. ಆ ವರ್ಷ ಇಂಗ್ಲೆಂಡಿನಲ್ಲಿ ಕೇನ್ಸ್, ಕೊಳ್ಳುವವರ ಒಟ್ಟು ಬೇಡಿಕೆ ಕುಸಿದಾಗ ಕೆಲಸ ಬೇಕೆಂದವನಿಗೂ ಕೆಲಸ ಸಿಗೋದಿಲ್ಲ ಅಂತ ತೋರಿಸಿದರು. ಸಮಗ್ರ ಅರ್ಥಶಾಸ್ತ್ರ ಅಂತ ನಾವು ಓದೋ ಪಾಠಕ್ಕೆ ಅದೇ ಬುನಾದಿ. ಅದೇ ವರ್ಷ ಅಂಬೇಡ್ಕರರ ‘ಜಾತಿ ವಿನಾಶ’ ಅಚ್ಚಾಯಿತು. ಜಾತಿ ಕೆಲಸವನ್ನು ಹಂಚೋದಿಲ್ಲ, ದುಡಿಯೋರನ್ನೇ ಒಡೆದು ಮೇಲು ಕೀಳು ಮಾಡಿ ನಿಲ್ಲಿಸುತ್ತೆ ಅಂದರು. ಕಸುಬು ಬದಲಿಸೋಕೆ ಬಿಡದ್ದರಿಂದ ಜಾತಿಯೇ ನಿರುದ್ಯೋಗಕ್ಕೆ ಒಂದು ಕಾರಣ ಅಂತಲೂ ಹೇಳಿದರು. ನಿರುದ್ಯೋಗದ ಬಗ್ಗೆ ಒಂದೇ ವರ್ಷ ಎರಡು ವಿಚಾರ. ಒಂದು ನನ್ನ ಪಠ್ಯದಲ್ಲಿ ಅಧ್ಯಾಯವಾಗಿತ್ತು. ಇನ್ನೊಂದನ್ನು ನಾನು ಓದಿದ್ದು ಹಾಸ್ಟೆಲಿನಲ್ಲಿ, ಗೆಳೆಯರ ಕೈಯಿಂದ ಕೈಗೆ ಬಂದ ಪುಸ್ತಕದಲ್ಲಿ.

ಹಾಗಂತ ಪಠ್ಯ ಬಿಸಾಕಬೇಡಿ. ಆ ಎರಡು ಗೆರೆ ಬಿಡಿಸೋದನ್ನು ಚೆನ್ನಾಗಿ ಕಲೀರಿ. ಅಂಬೇಡ್ಕರರೂ ಕಲಿತೇ ಕೇಳಿದ್ದು. ಮೇಷ್ಟ್ರುಗಳೇ, ಶ್ರಮವಿಭಜನೆಯ ಪಾಠ ಬಂದ ದಿನ ಸೂಜಿ ಕಾರ್ಖಾನೆಯ ಜೊತೆಗೆ ನಿಮ್ಮೂರಿನ ಕಣವನ್ನೂ ಕಪ್ಪು ಹಲಗೆ ಮೇಲೆ ಬರೀರಿ. ಯಾರ ಕೆಲಸವನ್ನು ಯಾರು ಗೊತ್ತುಮಾಡಿದರು ಅಂತ ಮಕ್ಕಳನ್ನೇ ಕೇಳಿ.