ಹೊಟ್ಟೆಯೊಳಗಿನ ಎಂಟು ವಾರ



ಗ್ರಹಣದ ಹೊತ್ತು ಬಸುರಿ ಹೆಂಗಸು ಅಂಗಳಕ್ಕೆ ಇಳಿಯಬಾರದೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಗ್ರಹಣದಿಂದ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಆಕಾಶದಿಂದ ಬಂದದ್ದು ಬಸುರಿನ ಕೂಸನ್ನು ಮುಟ್ಟಿದ ಎರಡು ಸಂಗತಿಗಳು ಚರಿತ್ರೆಯಲ್ಲಿವೆ. ಒಂದು ಜಪಾನಿನದು, ಇನ್ನೊಂದು ನಮ್ಮ ಕಾಸರಗೋಡಿನದು.

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಅಣುಬಾಂಬು ಬಿತ್ತು. ಆಗ ತಾಯಿಯ ಹೊಟ್ಟೆಯಲ್ಲಿದ್ದ ಸುಮಾರು 1,600 ಮಕ್ಕಳನ್ನು ವೈದ್ಯರು ವರ್ಷಗಟ್ಟಲೆ ಗಮನಿಸಿದರು. 30ರಷ್ಟು ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆ ತೀರಾ ಕುಂಠಿತವಾಗಿತ್ತು. ಹಲವರ ತಲೆ ಚಿಕ್ಕದಾಗಿತ್ತು. ಒಟಾಕೆ ಮತ್ತು ಶಲ್ ಎಂಬ ವಿಜ್ಞಾನಿಗಳು 1984ರಲ್ಲಿ ಲೆಕ್ಕ ಹಾಕಿದಾಗ, ಅವರಲ್ಲಿ ಹೆಚ್ಚಿನವರು ಗರ್ಭ ನಿಂತ 8ರಿಂದ 15ನೇ ವಾರದೊಳಗೆ ವಿಕಿರಣಕ್ಕೆ ಸಿಕ್ಕವರೆಂದು ತಿಳಿಯಿತು. ಮೆದುಳಿನ ಕೋಶಗಳು ಹುಟ್ಟಿ ತಮ್ಮ ತಮ್ಮ ಜಾಗಕ್ಕೆ ಸರಿಯುವ ಕಾಲ ಅದು. ನೇಜಿ ನೆಡುವಾಗ ಗದ್ದೆ ಕೆಟ್ಟರೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೇನು?

ಇನ್ನು ನಮ್ಮೂರಿಗೆ ಬನ್ನಿ. ಇಲ್ಲಿನ ಗುಡ್ಡೆಗಳ ಗೇರು ತೋಟಗಳಿಗೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳಿದ್ದುಂಟು. ಸುರಂಗದ ನೀರನ್ನು, ಹರಿಯುವ ತೋಡನ್ನು ಮುಚ್ಚುವುದು ಹೇಗೆ?

ಈ ವಿಷ ಕೀಟದ ನರವನ್ನು ಕೆಣಕುತ್ತದೆ. ಮನುಷ್ಯನ ಮೆದುಳಿನಲ್ಲೂ ನರಗಳ ಉದ್ರೇಕವನ್ನು ತಡೆಹಿಡಿಯುವ ಸಂಕೇತಕ್ಕೇ ಅಡ್ಡ ಬರುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಆ ಸಂಕೇತವೇ ದಾರಿ ತೋರುವುದು.

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಮೊದಲು ಕಣ್ಣು ತೆರೆದವರು ಊರಿನವರೇ. ವಿರೂಪವಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಬರೆದರು. ಮನೆಮನೆಯ ಕಾಯಿಲೆಗಳನ್ನು ಡಾಕ್ಟರ್ ವೈ. ಎಸ್. ಮೋಹನಕುಮಾರ್ ಗುರುತಿಸಿದರು. 2001ರಲ್ಲಿ ಬಂದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಮಕ್ಕಳನ್ನು ಮೀಂಜದ ಮಕ್ಕಳೊಂದಿಗೆ ಹೋಲಿಸಿದಾಗ, ಪಡ್ರೆಯಲ್ಲಿ ಕಲಿಕೆಯ ತೊಡಕೂ ಹುಟ್ಟು ದೋಷಗಳೂ ಹೆಚ್ಚು ಕಂಡವು. ಎಲ್ಲ ಕಾಯಿಲೆಗೂ ಇದೊಂದೇ ಕಾರಣವೇ ಎಂಬ ವಾದ ಇನ್ನೂ ಮುಗಿದಿಲ್ಲ. ಅಲ್ಲಿ ಬಾಂಬು ಬಿದ್ದದ್ದು ಇಂಥ ದಿನವೆಂದಿತ್ತು, ವಾರ ಎಣಿಸಬಹುದಿತ್ತು. ಇಲ್ಲಿ ಇಪ್ಪತ್ತು ವರ್ಷ ಬಿದ್ದದ್ದನ್ನು ಯಾವ ತಾಯಿ ಎಣಿಸಿಟ್ಟಾಳು?

2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ದುಡ್ಡು ಬರಬಹುದು, ಕಳೆದ ಆ ವಾರಗಳು ಬರುವುದಿಲ್ಲ.

ಆದ್ದರಿಂದ ಒಂದು ಮಾತು. ನಿಮ್ಮ ತೋಟದಲ್ಲಿ ಮದ್ದು ಹೊಡೆಯುವ ದಿನ ಬಸುರಿಯರನ್ನೂ ಮಕ್ಕಳನ್ನೂ ದೂರ ಇರಿಸಿ. ಮದ್ದು ಬಿದ್ದ ಬಟ್ಟೆಯನ್ನು ಅವರಿಂದ ಒಗೆಸಬೇಡಿ. ಎಕ್ಸ್‌ರೇಗೆ ಅಂಜಬೇಕಾಗಿಲ್ಲ, ಬಾಂಬಿನ ವಿಕಿರಣದ ಮುಂದೆ ಅದು ಬಹಳ ಅಲ್ಪ. ಆದರೂ ಗರ್ಭಿಣಿಯೆಂದು ವೈದ್ಯರಿಗೆ ಮೊದಲೇ ತಿಳಿಸಿ. ಬಸುರು ಹೊರಗೆ ಕಾಣಿಸುವ ಮೊದಲೇ ಆ ಎಂಟು ವಾರ ಶುರುವಾಗಿರುತ್ತದೆ ಎಂಬುದನ್ನು ಮರೆಯಬೇಡಿ.