ರಾಷ್ಟ್ರಗೀತೆಯ ಹೊತ್ತಿನಲ್ಲಿ ಕ್ರೀಡಾಪಟು: ಪ್ರತಿಭಟನೆ ಮತ್ತು ಜನರ ಪ್ರತಿಕ್ರಿಯೆ

ರಾಷ್ಟ್ರಗೀತೆ ನುಡಿಯುವಾಗ ಕ್ರೀಡಾಪಟು ತೋರುವ ಪ್ರತಿಭಟನೆಗೆ ಮಾತು ಬೇಕಾಗುವುದಿಲ್ಲ. ತಲೆ ಬಗ್ಗಿಸುವುದು, ಮುಷ್ಟಿ ಎತ್ತುವುದು, ಮಂಡಿಯೂರುವುದು, ಮುಖ ತಿರುಗಿಸುವುದು, ಹಾಡದೆ ಸುಮ್ಮನೆ ನಿಲ್ಲುವುದು ಇದರ ಬಗೆಗಳು. ಯಾರ ಆಟಕ್ಕೂ ಇದರಿಂದ ಅಡ್ಡಿಯಿಲ್ಲ. ಆದರೂ ಕ್ರೀಡೆಯ ಬೇರೆ ಯಾವ ಘಟನೆಗೂ ಬಾರದಷ್ಟು ಸಿಟ್ಟು ಇದಕ್ಕೆ ಬಂದಿದೆ. ವರ್ಷಗಳು ಉರುಳಿದ ಮೇಲೆ ಅದೇ ಜನರಿಂದ ಗೌರವವೂ ಬಂದಿದೆ.

ಮೈಯಿಂದ ಗೌರವ ತೋರುವುದು ಆಟದ ಕಣಕ್ಕೆ ಹೊಸದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿಗೆ ಇಳಿಯುವ ಪೈಲ್ವಾನ ಮೊದಲು ಕಣದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ. ಗರಡಿಮನೆಯಲ್ಲಿ ಹನುಮಪ್ಪನಿಗೆ ಕೈ ಮುಗಿದೇ ತಾಲೀಮು ಶುರುವಾಗುತ್ತದೆ. ಆ ನಮಸ್ಕಾರ ಮಣ್ಣಿಗೆ, ಉಸ್ತಾದನಿಗೆ, ದೇವರಿಗೆ ಸಲ್ಲುವಂಥದ್ದು. ರಾಷ್ಟ್ರಕ್ಕೆ ಸಲ್ಲುವ ನಮಸ್ಕಾರ ಕ್ರೀಡಾಂಗಣಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಯುದ್ಧದ ಬೆನ್ನಿಗೆ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1918ರಲ್ಲಿ ಷಿಕಾಗೊದ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಪಂದ್ಯದ ನಡುವೆ ವಾದ್ಯವೃಂದ ‘ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್’ ನುಡಿಸಿದಾಗ ಪ್ರೇಕ್ಷಕರು ಎದ್ದು ನಿಂತು ದನಿಗೂಡಿಸಿದರು. ಆ ಹಾಡು ಅಮೆರಿಕದ ಅಧಿಕೃತ ರಾಷ್ಟ್ರಗೀತೆಯಾದದ್ದು 1931ರಲ್ಲಿ. ಅಂದರೆ ಕಾನೂನಿಗಿಂತ ಮೊದಲೇ ಕ್ರೀಡಾಂಗಣ ಅದನ್ನು ಒಪ್ಪಿಕೊಂಡಿತ್ತು. ಒಲಿಂಪಿಕ್ಸ್‌ನಲ್ಲಿ ಮೂವರು ವಿಜೇತರು ಏರಿ ನಿಲ್ಲುವ ಪದಕ ವೇದಿಕೆ ಬಂದದ್ದು 1932ರಲ್ಲಿ. ವೇದಿಕೆ, ಬಾವುಟ, ಗೀತೆ ಮೂರೂ ಒಂದೆಡೆ ಸೇರಿದ ನಾಲ್ಕೇ ವರ್ಷಕ್ಕೆ ಮೊದಲ ದೊಡ್ಡ ಪ್ರತಿಭಟನೆ ನಡೆಯಿತು.

1936ರ ಬರ್ಲಿನ್ ಒಲಿಂಪಿಕ್ಸ್‌ನ ಮ್ಯಾರಥಾನ್ ಗೆದ್ದ ಸೋನ್ ಕೀ ಚುಂಗ್ ಕೊರಿಯಾದವನು. ಕೊರಿಯಾ ಆಗ ಜಪಾನಿನ ಆಳ್ವಿಕೆಯಲ್ಲಿತ್ತು. ಅವನು ಓಡಿದ್ದು ಕಿತೇ ಸೋನ್ ಎಂಬ ಜಪಾನಿ ಉಚ್ಚಾರದ ಹೆಸರಿನಲ್ಲಿ, ಗೆದ್ದಾಗ ಏರಿದ್ದು ಜಪಾನಿನ ಬಾವುಟ. ಆ ಹೊತ್ತಿನಲ್ಲಿ ಅವನು ತಲೆ ತಗ್ಗಿಸಿ, ಬಹುಮಾನವಾಗಿ ಬಂದ ಸಸಿಯನ್ನು ಎದೆಗವಚಿ ಅಂಗಿಯ ಮೇಲಿನ ಜಪಾನಿ ಲಾಂಛನವನ್ನು ಮರೆಮಾಡಿಕೊಂಡ. ಬರ್ಲಿನ್ನಿನ ಪ್ರೇಕ್ಷಕರಿಗೆ ಇದು ಅರ್ಥವಾದಂತಿಲ್ಲ, ಕೊರಿಯಾದವರಿಗೆ ಆಯಿತು. ‘ದೊಂಗಾ ಇಲ್ಬೋ’ ಪತ್ರಿಕೆ ಅಂಗಿಯ ಲಾಂಛನವನ್ನು ಅಳಿಸಿ ಅವನ ಚಿತ್ರ ಅಚ್ಚು ಹಾಕಿತು. ಜಪಾನಿ ಆಡಳಿತ ಪತ್ರಿಕೆಯವರನ್ನು ಬಂಧಿಸಿ, ಪತ್ರಿಕೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿತು. 1988ರಲ್ಲಿ ಸೋಲ್ ಒಲಿಂಪಿಕ್ಸ್ ನಡೆದಾಗ ಜ್ಯೋತಿ ಹಿಡಿದು ಕ್ರೀಡಾಂಗಣ ಪ್ರವೇಶಿಸಿದ ವೃದ್ಧ ಇದೇ ಸೋನ್.

ಅದೇ ಬರ್ಲಿನ್ನಿನಲ್ಲಿ ಧ್ಯಾನ್‌ಚಂದ್ ನಾಯಕತ್ವದ ಭಾರತದ ಹಾಕಿ ತಂಡವೂ ಇತ್ತು. ಉದ್ಘಾಟನೆಯ ಮೆರವಣಿಗೆಯಲ್ಲಿ ಭಾರತದ ತಂಡ ಹಿಟ್ಲರನಿಗೆ ನಾಜಿ ಸೆಲ್ಯೂಟ್ ಹೊಡೆಯಲಿಲ್ಲ. ಆಗಸ್ಟ್ 15ರ ಫೈನಲ್‌ಗೆ ಮುನ್ನ ಉಡುಪು ಬದಲಿಸುವ ಕೋಣೆಯಲ್ಲಿ ಸಹಾಯಕ ವ್ಯವಸ್ಥಾಪಕ ಪಂಕಜ್ ಗುಪ್ತಾ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹೊರತೆಗೆದರು. ಆಟಗಾರರು ಅದಕ್ಕೆ ವಂದಿಸಿ ಮೈದಾನಕ್ಕಿಳಿದು ಜರ್ಮನಿಯನ್ನು 8–1ರಿಂದ ಸೋಲಿಸಿದರು. ಬ್ರಿಟಿಷ್ ಇಂಡಿಯಾದ ಬಾವುಟದಡಿ ಆಡಿದ ತಂಡದ ಈ ಗುಟ್ಟಿನ ವಂದನೆ ಆಗಿನ ಆಳುವವರ ಕಣ್ಣಿಗೆ ಬಿದ್ದಿದ್ದರೆ ದ್ರೋಹ ಎನಿಸಬಹುದಿತ್ತು. ಇಂದು ಅದು ಭಾರತೀಯ ಕ್ರೀಡೆಯ ಹೆಮ್ಮೆಯ ಕತೆಗಳಲ್ಲಿ ಒಂದು.

ಬಾವುಟ, ಗೀತೆಯ ಮೂಲಕ ಪ್ರತಿಭಟಿಸುವುದು ಕರ್ನಾಟಕಕ್ಕೂ ಅಪರಿಚಿತ ಅನುಭವವಲ್ಲ. 1923ರ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರು ಜೈಲು ಕಂಡರು, ಕ್ಷಮೆ ಕೇಳಲು ಒಪ್ಪಲಿಲ್ಲ. ಆ ಹಿನ್ನೆಲೆಯಲ್ಲಿಯೇ ನಾ.ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಗೋಕಾಕಕ್ಕೆ ಹತ್ತಿರದ ಬೆಳಗಾವಿಯಲ್ಲಿ 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಸೇರಿದಾಗ ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಹಾಡಲಾಯಿತು. ಕರ್ನಾಟಕ ಎಂಬ ರಾಜ್ಯವೇ ಇಲ್ಲದ ಕಾಲದಲ್ಲಿ ನಾಡಿನ ಗೀತೆ ಹಾಡುವುದು ಒಂದು ಹಕ್ಕೊತ್ತಾಯವಾಗಿತ್ತು. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಲಾಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬಾವುಟ, ಗೀತೆಗಳು ಈ ನೆಲದಲ್ಲಿ ಮೊದಲು ಬಂದದ್ದು ಪ್ರತಿಭಟನೆಯ ಸಾಧನವಾಗಿ. ಈ ವಿಷಯದ ಚರ್ಚೆಯಲ್ಲಿ ಎಲ್ಲಕ್ಕಿಂತ ಬೇಗ ಮರೆತುಹೋಗುವ ಸಂಗತಿ ಇದೇ.

ಇಡೀ ಜಗತ್ತಿನ ಕಣ್ಣಿಗೆ ಬಿದ್ದ ಘಟನೆ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನದು. ಅಕ್ಟೋಬರ್ 16ರಂದು 200 ಮೀಟರ್ ಓಟವನ್ನು 19.83 ಸೆಕೆಂಡುಗಳಲ್ಲಿ ಗೆದ್ದ ಅಮೆರಿಕದ ಟಾಮಿ ಸ್ಮಿತ್, ಮೂರನೆಯವನಾದ ಅದೇ ದೇಶದ ಜಾನ್ ಕಾರ್ಲೋಸ್ ವೇದಿಕೆಯ ಮೇಲೆ ಕಪ್ಪು ಕೈಗವಸು ತೊಟ್ಟ ಮುಷ್ಟಿ ಎತ್ತಿ, ತಲೆ ಬಗ್ಗಿಸಿ ನಿಂತರು. ಕಪ್ಪು ಜನರ ಬಡತನದ ಗುರುತಾಗಿ ಕಾಲಲ್ಲಿ ಬೂಟು ಇರಲಿಲ್ಲ, ಬರಿಯ ಕಾಲುಚೀಲವಿತ್ತು. ಎರಡನೆಯ ಸ್ಥಾನದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಮಾನವ ಹಕ್ಕುಗಳ ಬಿಲ್ಲೆ ಧರಿಸಿ ಜೊತೆಗೂಡಿದ. ಕ್ರೀಡಾಂಗಣದಲ್ಲಿ ಧಿಕ್ಕಾರದ ಕೂಗು ಎದ್ದಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಒತ್ತಡಕ್ಕೆ ಅಮೆರಿಕ ಮಣಿದು ಇಬ್ಬರನ್ನೂ ಒಲಿಂಪಿಕ್ ಗ್ರಾಮದಿಂದ ಹೊರಹಾಕಿತು. ಊರಿಗೆ ಮರಳಿದವರನ್ನು ಎದುರುಗೊಂಡದ್ದು ಕೊಲೆ ಬೆದರಿಕೆಗಳು ಮತ್ತು ಕೆಲಸವಿಲ್ಲದ ದಿನಗಳು.

ಅದೇ ಕೂಟದಲ್ಲಿ ಜೆಕೊಸ್ಲೊವಾಕಿಯಾದ ಜಿಮ್ನಾಸ್ಟ್ ವೇರಾ ಚಾಸ್ಲಾವ್‌ಸ್ಕಾ ಸೋವಿಯತ್ ಗೀತೆ ನುಡಿಯುವಾಗ ತಲೆ ತಗ್ಗಿಸಿ ಮುಖ ಬೇರೆಡೆ ತಿರುಗಿಸಿದಳು. ಎರಡು ತಿಂಗಳ ಹಿಂದಷ್ಟೇ ಸೋವಿಯತ್ ಟ್ಯಾಂಕುಗಳು ಅವಳ ದೇಶಕ್ಕೆ ನುಗ್ಗಿದ್ದವು. ಪಶ್ಚಿಮದ ಪತ್ರಿಕೆಗಳು ಅವಳನ್ನು ಧೀರೆ ಎಂದವು, ಅವಳ ದೇಶದ ಸರ್ಕಾರ ವರ್ಷಗಟ್ಟಲೆ ಕ್ರೀಡೆಯಿಂದ ದೂರವಿಟ್ಟಿತು. ಸ್ಮಿತ್, ಕಾರ್ಲೋಸ್ ಮಾಡಿದ್ದಕ್ಕೂ ಅವಳು ಮಾಡಿದ್ದಕ್ಕೂ ಹಾವಭಾವದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಒಬ್ಬರು ತಮ್ಮದೇ ಗೀತೆಯ ಎದುರು ನಿಂತಿದ್ದರು, ಇನ್ನೊಬ್ಬಳು ಆಕ್ರಮಣಕಾರನ ಗೀತೆಯ ಎದುರು. ಪ್ರತಿಕ್ರಿಯೆಯನ್ನು ತೀರ್ಮಾನಿಸುವುದು ಆ ಗೀತೆ ಯಾರದು ಎಂಬುದೇ ಎಂದು ಮೆಕ್ಸಿಕೊ ಒಂದೇ ಕೂಟದಲ್ಲಿ ತೋರಿಸಿತು.

ಕಾಲ ಸರಿದಂತೆ ತೀರ್ಪು ಬದಲಾಯಿತು. 2005ರಲ್ಲಿ ಸ್ಯಾನ್ ಹೊಸೆ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿಗಳಾದ ಸ್ಮಿತ್ ಮತ್ತು ಕಾರ್ಲೋಸ್ ಅವರ ಪ್ರತಿಮೆ ನಿಲ್ಲಿಸಿತು. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಸ್ಮಿತ್, ಕಾರ್ಲೋಸ್ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. 2012ರಲ್ಲಿ ಆಸ್ಟ್ರೇಲಿಯಾದ ಸಂಸತ್ತು ನಾರ್ಮನ್‌ನನ್ನು ನಡೆಸಿಕೊಂಡ ರೀತಿಗೆ ಕ್ಷಮೆ ಕೋರಿತು. ಅಷ್ಟು ಹೊತ್ತಿಗೆ ಅವನು ಸತ್ತು ಆರು ವರ್ಷವಾಗಿತ್ತು. ಈ ನಡುವೆ 1972ರ ಮ್ಯೂನಿಕ್‌ನಲ್ಲಿ ಅಮೆರಿಕದ ಓಟಗಾರರಾದ ವಿನ್ಸ್ ಮ್ಯಾಥ್ಯೂಸ್, ವೇನ್ ಕಾಲೆಟ್ ವೇದಿಕೆಯ ಮೇಲೆ ಸಡಿಲವಾಗಿ ನಿಂತು ಮಾತಾಡಿದ್ದಕ್ಕೇ ಒಲಿಂಪಿಕ್ಸ್‌ನಿಂದ ನಿಷೇಧಕ್ಕೆ ಒಳಗಾದರು. 1996ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮಹಮೂದ್ ಅಬ್ದುಲ್ ರವೂಫ್ ಗೀತೆಗೆ ಎದ್ದು ನಿಲ್ಲದ್ದಕ್ಕೆ ಒಂದು ಪಂದ್ಯದ ಅಮಾನತು ಕಂಡ. ನಿಂತು ಪ್ರಾರ್ಥಿಸುವ ರಾಜಿಗೆ ಬಂದ ಮೇಲೂ ಧಿಕ್ಕಾರ ನಿಲ್ಲಲಿಲ್ಲ.

2016ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯ ಖಂಡಿಸಿ ಗೀತೆಯ ವೇಳೆ ಕುಳಿತೇ ಇದ್ದ. ಆಮೇಲೆ ಮಾಜಿ ಸೈನಿಕ ನೇಟ್ ಬೋಯರ್ ಜೊತೆ ಮಾತಾಡಿ ಮಂಡಿಯೂರುವ ರೀತಿಯನ್ನು ಆರಿಸಿಕೊಂಡ. ಸತ್ತ ಸಂಗಾತಿಯ ಸಮಾಧಿಯೆದುರು ಸೈನಿಕರು ಮಂಡಿಯೂರುತ್ತಾರೆ ಎಂಬುದು ಬೋಯರ್ ಕೊಟ್ಟ ಕಾರಣ. ಗೌರವ ಉಳಿಸಿಕೊಂಡೇ ದೂರು ಹೇಳುವ ದಾರಿ ಎಂದು ಆಯ್ದ ಭಂಗಿಯನ್ನೇ ಬಹಳ ಮಂದಿ ಸೈನಿಕರಿಗೆ ಮಾಡಿದ ಅವಮಾನ ಎಂದರು. ಒಂದು ಕಡೆ ಅವನ ಅಂಗಿಗಳನ್ನು ಸುಟ್ಟರು, ಇನ್ನೊಂದು ಕಡೆ ಅವೇ ಅಂಗಿಗಳು ಭರದಿಂದ ಮಾರಾಟವಾದವು. 2017ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಇಂಥ ಆಟಗಾರರನ್ನು ಕಿತ್ತುಹಾಕಬೇಕು ಎಂದು ಸಭೆಯಲ್ಲಿ ಗುಡುಗಿದ ಬಳಿಕ ಮಂಡಿಯೂರಿದವರ ಸಂಖ್ಯೆ ಹೆಚ್ಚಿತು. ಕೆಪರ್ನಿಕ್‌ನನ್ನು ಆ ವರ್ಷದಿಂದ ಯಾವ ತಂಡವೂ ಆಡಿಸಲಿಲ್ಲ. 2020ರಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ, ಆಟಗಾರರ ಮಾತಿಗೆ ಕಿವಿಗೊಡದೆ ತಪ್ಪು ಮಾಡಿದೆವು ಎಂದು ಅಮೆರಿಕನ್ ಫುಟ್‌ಬಾಲ್ ಲೀಗಿನ ಮುಖ್ಯಸ್ಥರೇ ಒಪ್ಪಿಕೊಂಡರು.

2022ರ ಕತಾರ್ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಇರಾನ್ ಆಟಗಾರರು ಇಂಗ್ಲೆಂಡ್ ವಿರುದ್ಧದ ಪಂದ್ಯದಲ್ಲಿ ತಮ್ಮ ಗೀತೆ ಹಾಡಲಿಲ್ಲ. ಸ್ವದೇಶದಲ್ಲಿ ಪೊಲೀಸ್ ವಶದಲ್ಲಿದ್ದ ಮಹ್ಸಾ ಅಮೀನಿಯ ಸಾವಿನ ನಂತರ ಎದ್ದ ಚಳವಳಿಗೆ ಅದು ಬೆಂಬಲವೆಂದು ಜಗತ್ತು ಓದಿತು. ನಾಲ್ಕು ದಿನಗಳ ಬಳಿಕ ವೇಲ್ಸ್ ವಿರುದ್ಧ ಅವರು ಹಾಡಿದಾಗ ಇರಾನಿನ ಅಭಿಮಾನಿಗಳಲ್ಲೇ ಕೆಲವರು ಕೂಗಿ ಹೀಯಾಳಿಸಿದರು. ಹಾಡದಿದ್ದರೆ ಸರ್ಕಾರದ ಸಿಟ್ಟು, ಹಾಡಿದರೆ ಜನರ ಸಿಟ್ಟು.

ಭಾರತದ ಚಿತ್ರ ಬೇರೆ. ಇಲ್ಲಿ ‘ಜನ ಗಣ ಮನ’ದ ವೇಳೆ ಹೆಸರಾಂತ ಕ್ರೀಡಾಪಟುಗಳ ಪ್ರತಿಭಟನೆಯ ಪರಂಪರೆ ಬೆಳೆಯಲಿಲ್ಲ. ಆದರೆ ಪ್ರತಿಭಟನೆ ಇಲ್ಲದೆಯೂ ಅಂಥದೇ ಪ್ರತಿಕ್ರಿಯೆ ಬಂದಿದೆ. 2008ರಲ್ಲಿ ಸಾನಿಯಾ ಮಿರ್ಜಾ ಕಾಲು ಚಾಚಿ ಕುಳಿತಿದ್ದಾಗ ತೆಗೆದ ಫೋಟೊದಲ್ಲಿ ರಾಷ್ಟ್ರಧ್ವಜ ಪಾದದ ಹತ್ತಿರ ಕಂಡಿತೆಂದು ದೂರು ದಾಖಲಾಯಿತು. ಆಟವನ್ನೇ ಬಿಡುವ ಯೋಚನೆ ಬಂದಿತ್ತೆಂದು ಆಕೆ ಹೇಳಿಕೊಂಡರು. 2017ರ ಜನವರಿ 26ರಂದು ಕಾನ್ಪುರದ ಟಿ–20 ಪಂದ್ಯದಲ್ಲಿ ಕಾಶ್ಮೀರದ ಪರ್ವೇಜ್ ರಸೂಲ್ ಗೀತೆಯ ವೇಳೆ ಚೂಯಿಂಗ್ ಗಮ್ ಜಗಿಯುತ್ತಿದ್ದರೆಂದು ಅವರ ದೇಶಪ್ರೇಮವನ್ನೇ ಪ್ರಶ್ನಿಸಲಾಯಿತು. 2022ರಲ್ಲಿ ಕೇಪ್‌ಟೌನ್‌ನಲ್ಲಿ ವಿರಾಟ್ ಕೊಹ್ಲಿ ಹೀಗೆಯೇ ಮಾಡಿದಾಗಲೂ ಟೀಕೆ ಬಂತು. ಆದರೆ ಅದು ಶಿಸ್ತಿನ ಮಾತಾಗಿತ್ತು, ನಿಷ್ಠೆಯ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಒಂದೇ ನಡತೆಯನ್ನು ಅಳೆಯುವ ಸೇರು ಆಟಗಾರನ ಹೆಸರು, ಊರು ನೋಡಿ ಬದಲಾದದ್ದು ನ್ಯಾಯವಲ್ಲ.

ಕ್ರೀಡಾಪಟುಗಳ ನೇರ ಪ್ರತಿಭಟನೆ ಇಲ್ಲಿ ಮೈದಾನದ ಹೊರಗೆ ನಡೆಯಿತು. 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಜಂತರ್ ಮಂತರ್‌ನಲ್ಲಿ ಕುಳಿತರು. ಬೀದಿಗಿಳಿದದ್ದು ಅಶಿಸ್ತು ಎಂದರು ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ. ಮೇ 28ರಂದು ತ್ರಿವರ್ಣ ಧ್ವಜ ಹಿಡಿದು ಹೊಸ ಸಂಸತ್ ಭವನದತ್ತ ಹೊರಟವರನ್ನು ಪೊಲೀಸರು ಎಳೆದೊಯ್ದರು. ಎರಡು ದಿನಗಳ ಬಳಿಕ ಅವರು ಪದಕಗಳನ್ನು ಗಂಗೆಗೆ ಹಾಕಲು ಹರಿದ್ವಾರಕ್ಕೆ ಹೋದರು, ರೈತ ನಾಯಕರು ತಡೆದರು. ಕರ್ನಾಟಕದ ಹಿರಿಯ ಆಟಗಾರರಲ್ಲಿ ಅನಿಲ್ ಕುಂಬ್ಳೆ ಕುಸ್ತಿಪಟುಗಳನ್ನು ನಡೆಸಿಕೊಂಡ ರೀತಿಗೆ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದರು. 1983ರ ವಿಶ್ವಕಪ್ ವಿಜೇತ ತಂಡದ ಹೆಸರಿನಲ್ಲಿ ಬೆಂಬಲದ ಹೇಳಿಕೆ ಬಂದಾಗ, ಆಗ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದ ಬೆಂಗಳೂರಿನ ರೋಜರ್ ಬಿನ್ನಿ ತಾವು ಅಂಥ ಹೇಳಿಕೆ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿದರು. 2021ರಲ್ಲಿ ದುಬೈನಲ್ಲಿ ಭಾರತದ ಕ್ರಿಕೆಟ್ ತಂಡ ಅಮೆರಿಕದ ಕಪ್ಪು ಜನರಿಗಾಗಿ ಮಂಡಿಯೂರಿತ್ತು. ಮನೆಯೊಳಗಿನ ಅನ್ಯಾಯಕ್ಕೆ ಬಹುಪಾಲು ಕ್ರಿಕೆಟಿಗರು ಬಾಯಿ ತೆರೆಯಲು ತಡ ಮಾಡಿದ್ದು ಎದ್ದು ಕಂಡಿತು.

ಕರ್ನಾಟಕದಲ್ಲಿ ರಾಷ್ಟ್ರಗೀತೆಯ ಜಗಳ ನಡೆದದ್ದು ಹೆಚ್ಚಾಗಿ ಸಭಾಂಗಣ, ಚಿತ್ರಮಂದಿರಗಳಲ್ಲಿ. 2007ರ ಏಪ್ರಿಲ್‌ನಲ್ಲಿ ಮೈಸೂರಿನ ಇನ್ಫೊಸಿಸ್ ಆವರಣಕ್ಕೆ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದಾಗ ಗೀತೆಯನ್ನು ಹಾಡದೆ ವಾದ್ಯದಲ್ಲಿ ಮಾತ್ರ ನುಡಿಸಲಾಯಿತು. ಹಾಡಿದರೆ ಅಲ್ಲಿದ್ದ ವಿದೇಶಿಯರಿಗೆ ಮುಜುಗರವಾಗುತ್ತಿತ್ತು ಎಂಬ ಎನ್.ಆರ್. ನಾರಾಯಣಮೂರ್ತಿಯವರ ವಿವರಣೆ ಬೆಂಕಿ ಹಚ್ಚಿತು. ಅವರು ಕ್ಷಮೆ ಕೇಳಿದರು, ದೂರು ಕೋರ್ಟಿನ ಮೆಟ್ಟಿಲೇರಿತು. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಚಿತ್ರಮಂದಿರಗಳಲ್ಲಿ ಗೀತೆ ಕಡ್ಡಾಯಗೊಳಿಸಿ, 2018ರ ಜನವರಿ 9ರಂದು ಐಚ್ಛಿಕಗೊಳಿಸಿತು. ಆದರೂ 2019ರಲ್ಲಿ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಎದ್ದು ನಿಲ್ಲದ ಪ್ರೇಕ್ಷಕರನ್ನು ಇತರರು ಸುತ್ತುವರಿದು ಬೈದ ವಿಡಿಯೊ ಊರೆಲ್ಲ ಹರಿದಾಡಿತು. ಆದೇಶ ಸಡಿಲವಾದರೂ ಆದೇಶ ಎಬ್ಬಿಸಿದ ಕಾವಲು ಮನೋಭಾವ ಸಡಿಲವಾಗಿರಲಿಲ್ಲ.

ಕಾನೂನು ಹೇಳುವುದು ಜನ ಭಾವಿಸಿರುವುದಕ್ಕಿಂತ ಕಡಿಮೆ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ 3ನೆಯ ಕಲಂ ಶಿಕ್ಷಿಸುವುದು ಎರಡನ್ನು ಮಾತ್ರ: ರಾಷ್ಟ್ರಗೀತೆ ಹಾಡುವುದನ್ನು ಬೇಕೆಂದೇ ತಡೆಯುವುದು, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವುದು. ಶಿಕ್ಷೆ ಮೂರು ವರ್ಷಗಳವರೆಗೆ. 1985ರಲ್ಲಿ ಕೇರಳದ ಶಾಲೆಯೊಂದು ತಮ್ಮ ಧರ್ಮಶ್ರದ್ಧೆಯ ಕಾರಣಕ್ಕೆ ಗೀತೆ ಹಾಡದ, ಆದರೆ ಗೌರವದಿಂದ ಎದ್ದು ನಿಲ್ಲುತ್ತಿದ್ದ ಮೂವರು ಮಕ್ಕಳನ್ನು ಹೊರಹಾಕಿತು. ಬಿಜೋ ಇಮ್ಯಾನ್ಯುಯೆಲ್ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಮಕ್ಕಳ ಪರ ತೀರ್ಪಿತ್ತು, ಅವರನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಲು ಹೇಳಿತು. ಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಂತವರು ದನಿಗೂಡಿಸದಿದ್ದರೆ ಅದು ಅಗೌರವವಲ್ಲ ಎಂಬ ಆ ತೀರ್ಪು ಗೋಕಾಕದ ಶಾಲೆಯ ಮಗುವಿಗೂ ದೇಶದ ಅಂಗಿ ತೊಟ್ಟ ಆಟಗಾರನಿಗೂ ಒಂದೇ ರೀತಿ ಅನ್ವಯಿಸುತ್ತದೆ.