ಇಟ್ಟಿಗೆಯ ಆಟಿಕೆ ಅಂಗಡಿ: ಒಬ್ಬ ಬಡಗಿಯ ಮನೆತನದ ಇತಿಹಾಸ

ಒಂದು ರಟ್ಟಿನ ಪೆಟ್ಟಿಗೆ ನಿಮ್ಮ ಮುಂದಿದೆ ಎಂದುಕೊಳ್ಳಿ. ಅದರೊಳಗೆ 815 ಪ್ಲಾಸ್ಟಿಕ್ ತುಂಡುಗಳಿವೆ. ಕೆಲವು ಬೆರಳುದ್ದ, ಕೆಲವು ಕಡಲೆಕಾಳಿಗಿಂತ ದೊಡ್ಡವಲ್ಲ. ಜೊತೆಗೆ ಚಿತ್ರಗಳಿರುವ ಒಂದು ಕೈಪಿಡಿ ಇದೆ, ಅಕ್ಷರ ಮಾತ್ರ ಇಲ್ಲ. ಚಿತ್ರ ನೋಡುತ್ತ ಒಂದರ ಮೇಲೊಂದು ಜೋಡಿಸುತ್ತ ಹೋದರೆ ಕೆಲವು ಗಂಟೆಗಳಲ್ಲಿ ಹಿಮ ಬಿದ್ದ ಊರಿನ ಒಂದು ಆಟಿಕೆ ಅಂಗಡಿ ಎದ್ದು ನಿಲ್ಲುತ್ತದೆ. ಮಾಡಿನ ಮೇಲೆ ಬಿಳಿ ಹಿಮ, ಎದುರಿಗೆ ಅಲಂಕರಿಸಿದ ಮರ, ಪಕ್ಕದಲ್ಲಿ ಹಿಮದ ಗೊಂಬೆ, ಹಾಡಲು ನಿಂತ ಜನ. ಗಾಜಿನ ಕಿಟಕಿಯೊಳಗೆ ಉಗುರಿನಷ್ಟು ಸಣ್ಣ ಆಟಿಕೆಗಳು. ಒಂದು ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಹಿಂಬದಿಯನ್ನು ತೆರೆದರೆ ಒಳಗಿನ ಕೋಣೆ ಕಾಣುತ್ತದೆ. ಡೆನ್ಮಾರ್ಕಿನ ಲೆಗೊ ಸಂಸ್ಥೆ 2009ರಲ್ಲಿ ಹೊರತಂದ ಮಾದರಿ ಇದು. 2015ರಲ್ಲಿ ಅದನ್ನೇ ತುಸು ತಿದ್ದಿ 898 ತುಂಡುಗಳಲ್ಲಿ ಮತ್ತೊಮ್ಮೆ ಮಾರಾಟಕ್ಕೆ ಬಿಟ್ಟರು.

ಇದರಲ್ಲಿ ಇತಿಹಾಸ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಆಟಿಕೆ ಮಾಡುವವರೇ ಆಟಿಕೆ ಅಂಗಡಿಯ ಆಟಿಕೆಯನ್ನು ಮಾಡಿದ್ದಾರೆ, ಅಷ್ಟೇ ತಾನೇ? ಆದರೆ ಈ ಪುಟ್ಟ ಅಂಗಡಿಯ ಗೋಡೆಯೊಳಗೆ ಮೂರು ಬೆಂಕಿ ಅನಾಹುತಗಳೂ ಅಣ್ಣತಮ್ಮಂದಿರ ಅಗಲಿಕೆಯೂ, ಹೆಸರು ಸಿಗದೆ ಹೋದ ಒಬ್ಬ ಇಂಗ್ಲಿಷ್ ಮನುಷ್ಯನ ಕಥೆಯೂ ಅಡಗಿವೆ. ಆ ಕಡೆಗೆ ಹೋಗುವ ಮೊದಲು ಗೋಡೆ ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡೋಣ.

ಎಂಟು ಗುಬುಟುಗಳಿರುವ ಸಾಮಾನ್ಯ ಇಟ್ಟಿಗೆಯೊಂದನ್ನು ಕೈಗೆತ್ತಿಕೊಳ್ಳಿ. ಒಂದು ಗುಬುಟಿನ ನಡುವಿನಿಂದ ಇನ್ನೊಂದರ ನಡುವಿಗೆ ಸರಿಯಾಗಿ 8 ಮಿಲಿಮೀಟರ್. ಹಾಗಾದರೆ ನಾಲ್ಕು ಗುಬುಟುಗಳ ಉದ್ದ 32 ಮಿಲಿಮೀಟರ್ ಆಗಬೇಕಲ್ಲವೇ? ಅಳೆದು ನೋಡಿದರೆ 31.8 ಮಾತ್ರ ಇರುತ್ತದೆ. ಆ 0.2 ಮಿಲಿಮೀಟರನ್ನು ಬೇಕೆಂದೇ ಬಿಟ್ಟಿದ್ದಾರೆ. ಪಕ್ಕಪಕ್ಕದಲ್ಲಿ ಇಟ್ಟಾಗ ಒಂದಕ್ಕೊಂದು ಒತ್ತಿ ಸಿಕ್ಕಿಕೊಳ್ಳದಿರಲಿ ಎಂದು. ಎತ್ತರ 9.6 ಮಿಲಿಮೀಟರ್. ಇದಲ್ಲದೆ ಚಪ್ಪಟೆ ಬಿಲ್ಲೆಗಳಿವೆ, ಅವುಗಳ ಎತ್ತರ 3.2. ಮೂರು ಬಿಲ್ಲೆ ಸೇರಿದರೆ ಒಂದು ಇಟ್ಟಿಗೆ. ಐದು ಬಿಲ್ಲೆಗಳ ಎತ್ತರ 16, ಎರಡು ಗುಬುಟುಗಳ ಅಗಲವೂ 16. ಈ ಸಣ್ಣ ಲೆಕ್ಕ ಇರುವುದರಿಂದಲೇ ಇಟ್ಟಿಗೆಯನ್ನು ಮಗ್ಗುಲಾಗಿ ತಿರುಗಿಸಿ ಗೋಡೆಗೆ ಹಚ್ಚಲು, ಕಿಟಕಿಯ ಚೌಕಟ್ಟು, ಬಾಗಿಲ ಮೇಲಿನ ಫಲಕ ಮೊದಲಾದ ಸೂಕ್ಷ್ಮ ಕೆಲಸ ಮಾಡಲು ಸಾಧ್ಯವಾಗುತ್ತದೆ. ಲ.ಸಾ.ಅ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಹೊಳೆದಿಲ್ಲ.

ನಮ್ಮೂರ ಗಾರೆ ಕೆಲಸದವರು ಒಂದು ಸಾಲಿನ ಸಂದು ಮೇಲಿನ ಸಾಲಿನ ಸಂದಿಗೆ ಸೇರದಂತೆ ಇಟ್ಟಿಗೆ ಇಡುತ್ತಾರಲ್ಲ, ಇಲ್ಲಿಯೂ ಅದೇ ನಿಯಮ. ಸಂದುಗಳು ಒಂದೇ ಗೆರೆಯಲ್ಲಿ ಬಿದ್ದರೆ ಗೋಡೆ ಅಲ್ಲಿಗೇ ಬಿರಿಯುತ್ತದೆ. ವ್ಯತ್ಯಾಸ ಇಷ್ಟೇ: ಇಲ್ಲಿ ಗಾರೆಯೂ ಇಲ್ಲ, ಅಂಟೂ ಇಲ್ಲ. ಕೆಳಗಿನ ಗುಬುಟು ಮೇಲಿನ ಇಟ್ಟಿಗೆಯ ಹೊಟ್ಟೆಯೊಳಗಿರುವ ಕೊಳವೆಗೂ ಗೋಡೆಗೂ ನಡುವೆ ಬಿಗಿಯಾಗಿ ಕೂರುತ್ತದೆ. ಮಗುವಿನ ಕೈಗೆ ಬಿಚ್ಚಲು ಬರಬೇಕು, ತಾನಾಗಿ ಬೀಳಲೂ ಬಾರದು. ಈ ಹದಕ್ಕಾಗಿ ಅಚ್ಚುಗಳನ್ನು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ನಿಖರವಾಗಿ ಕೊರೆಯುತ್ತಾರೆ.

ಒಂದೇ ಬಣ್ಣದ ಇಂಥ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು, ಮೂರನ್ನು 1,060 ಬಗೆಯಲ್ಲಿ. ಆರು ಇಟ್ಟಿಗೆಗಳಿಗೆ ಬಹುಕಾಲ ಸಂಸ್ಥೆಯವರು 10,29,81,500 ಎಂಬ ಸಂಖ್ಯೆಯನ್ನು ಹೇಳುತ್ತಿದ್ದರು. ಅದು ಒಂದರ ಮೇಲೊಂದು ಆರು ಅಂತಸ್ತು ಇಟ್ಟ ಗೋಪುರಗಳ ಎಣಿಕೆ ಮಾತ್ರ ಆಗಿತ್ತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ 2005ರ ಹೊತ್ತಿಗೆ ಕಂಪ್ಯೂಟರಿನ ನೆರವಿನಿಂದ ಎಲ್ಲ ಬಗೆಗಳನ್ನೂ ಎಣಿಸಿ 91,51,03,765 ಎಂದು ತೋರಿಸಿದರು. ಆರು ಇಟ್ಟಿಗೆಗಳಿಗೇ ತೊಂಬತ್ತೊಂದು ಕೋಟಿ! 815 ತುಂಡುಗಳ ಅಂಗಡಿಯ ವಿಷಯ ನೀವೇ ಊಹಿಸಿಕೊಳ್ಳಿ.

ಇನ್ನು ಇತಿಹಾಸಕ್ಕೆ ಬರೋಣ. ಡೆನ್ಮಾರ್ಕಿನ ಜಟ್‌ಲೆಂಡ್ ಪ್ರಾಂತದಲ್ಲಿ ಬಿಲ್ಲುಂಡ್ ಎಂಬ ಹಳ್ಳಿ ಇತ್ತು. ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1916ರಲ್ಲಿ ಅಲ್ಲಿ ಒಂದು ಮರಗೆಲಸದ ಕಾರ್ಖಾನೆಯನ್ನು ಕೊಂಡರು. ಮನೆ ಕಟ್ಟುವುದು, ಬಾಗಿಲು ಕಿಟಕಿ, ಪೀಠೋಪಕರಣ ಮಾಡುವುದು ಅವರ ಕಸುಬು. 1924ರಲ್ಲಿ ಅವರ ಇಬ್ಬರು ಚಿಕ್ಕ ಮಕ್ಕಳ ಕೈತಪ್ಪಿನಿಂದ ಕೀಸಿದ ಮರದ ಸಿಪ್ಪೆಗೆ ಬೆಂಕಿ ತಗುಲಿ ಕಾರ್ಖಾನೆಯೂ ಮನೆಯೂ ಸುಟ್ಟುಹೋದವು. ಅವರು ಮತ್ತೆ ಕಟ್ಟಿದರು, ಮೊದಲಿಗಿಂತ ದೊಡ್ಡದಾಗಿಯೇ ಕಟ್ಟಿದರು. ಆಮೇಲೆ ಜಗತ್ತನ್ನೆಲ್ಲ ಬಾಧಿಸಿದ ಆರ್ಥಿಕ ಕುಸಿತ ಬಂತು. ರೈತರ ಕೈಯಲ್ಲಿ ಹಣವಿಲ್ಲದ ಮೇಲೆ ಮನೆ ಕಟ್ಟಿಸುವವರು ಯಾರು? 1932ರಲ್ಲಿ ಅವರ ಹೆಂಡತಿಯೂ ತೀರಿಕೊಂಡರು. ನಾಲ್ಕು ಗಂಡುಮಕ್ಕಳು, ಕೈಯಲ್ಲಿ ಕೆಲಸವಿಲ್ಲ. ಆ ವರ್ಷವೇ ಅವರು ಉಳಿದ ಮರದಲ್ಲಿ ಏಣಿ, ಇಸ್ತ್ರಿ ಹಲಗೆಗಳ ಜೊತೆಗೆ ಆಟಿಕೆ ಮಾಡತೊಡಗಿದ್ದು. ಸಾಲಕ್ಕೆ ನೆರವಾದ ಒಡಹುಟ್ಟಿದವರು, ಉಪಯೋಗಕ್ಕೆ ಬರುವ ವಸ್ತು ಏನನ್ನಾದರೂ ಮಾಡಬಾರದೇ ಎಂದು ಆಕ್ಷೇಪಿಸಿದರೆಂದು ಹೇಳುತ್ತಾರೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಸಿವಿನ ದಿನಗಳಲ್ಲಿ ಮರದ ಬಾತುಕೋಳಿಯನ್ನು ಕೊಳ್ಳುವವರು ಕಡಿಮೆ.

1934ರಲ್ಲಿ ಅವರು ತಮ್ಮ ಕಾರ್ಖಾನೆಗೆ ಲೆಗೊ ಎಂಬ ಹೆಸರಿಟ್ಟರು. ಡ್ಯಾನಿಷ್ ಭಾಷೆಯ 'ಲೈ ಗೊಟ್', ಎಂದರೆ 'ಚೆನ್ನಾಗಿ ಆಡು' ಎಂಬ ಎರಡು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಲ್ಯಾಟಿನ್‌ನಲ್ಲಿ ಇದಕ್ಕೆ 'ನಾನು ಜೋಡಿಸುತ್ತೇನೆ' ಎಂಬ ಅರ್ಥ ಬರುತ್ತದೆಂದು ಆಮೇಲೆ ಯಾರೋ ಕಂಡುಹಿಡಿದರು. ಪದಗಳ ವ್ಯುತ್ಪತ್ತಿಯಲ್ಲಿ ಇಂತಹ ಹಿಂಬರಹಗಳು ಎಲ್ಲ ಭಾಷೆಗಳಲ್ಲಿಯೂ ಹುಟ್ಟಿಕೊಳ್ಳುತ್ತವೆ. ಭಾಷಾ ಶಿಕ್ಷಕರು ಅವುಗಳ ಬಗ್ಗೆ ಎಚ್ಚರವಾಗಿರುವುದು ಒಳ್ಳೆಯದು.

ಓಲೆ ಕಿರ್ಕ್ ಅವರ ಬಾತುಕೋಳಿಗಳಿಗೆ ಮೂರು ಸಲ ವಾರ್ನಿಷ್ ಬಳಿಯುವುದು ರೂಢಿ. ಒಮ್ಮೆ ಮಗ ಗೊಟ್‌ಫ್ರೆಡ್ ಎರಡೇ ಸಲ ಬಳಿದು, ಪೆಟ್ಟಿಗೆ ತುಂಬಿ ರೈಲು ನಿಲ್ದಾಣಕ್ಕೆ ಒಪ್ಪಿಸಿ ಬಂದು, ಇಷ್ಟು ಹಣ ಉಳಿಸಿದೆ ಎಂದು ಹೆಮ್ಮೆಯಿಂದ ಹೇಳಿದನಂತೆ. ತಂದೆ ಅವನನ್ನು ಅದೇ ಹೊತ್ತಿನಲ್ಲಿ ನಿಲ್ದಾಣಕ್ಕೆ ಅಟ್ಟಿ, ಪೆಟ್ಟಿಗೆಗಳನ್ನು ತರಿಸಿ, ಮೂರನೆಯ ಸಲ ಅವನೊಬ್ಬನಿಂದಲೇ ಬಳಿಸಿದರು. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ತಿರುಗುವ ಹಾಲೆಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚುವುದನ್ನು ಕಂಡವರಿಗೆ ಆ ತಂದೆಯ ಸಿಟ್ಟು ಅರ್ಥವಾಗುತ್ತದೆ. ಯೊ-ಯೊ ಆಟದ ಹುಚ್ಚು ಇಳಿದು ರಾಶಿ ಯೊ-ಯೊಗಳು ಮಾರಾಟವಾಗದೆ ಉಳಿದಾಗ ಅವನ್ನು ಎರಡು ಹೋಳು ಮಾಡಿ ಮರದ ಲಾರಿಗಳಿಗೆ ಚಕ್ರ ಮಾಡಿದವರೂ ಇವರೇ. 1942ರಲ್ಲಿ ಮತ್ತೆ ಬೆಂಕಿ. ಈ ಸಲ ಕಾರ್ಖಾನೆ ಪೂರ್ತಿ ಭಸ್ಮವಾಯಿತು. ಮತ್ತೆ ಕಟ್ಟಿದರು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಓಲೆ ಕಿರ್ಕ್ 30,000 ಕ್ರೋನರ್ ಕೊಟ್ಟು ಪ್ಲಾಸ್ಟಿಕ್ ಎರಕದ ಯಂತ್ರವೊಂದನ್ನು ಕೊಂಡರು. ಹಳ್ಳಿಯ ಬಡಗಿಗೆ ಅದು ಸಣ್ಣ ಮೊತ್ತವಲ್ಲ. 1949ರಲ್ಲಿ ಆ ಬಗೆಯ ಯಂತ್ರದಿಂದ, ಮೇಲೆ ಗುಬುಟು, ಕೆಳಗೆ ಟೊಳ್ಳು, ಬದಿಯಲ್ಲಿ ಸೀಳು ಇರುವ ಪ್ಲಾಸ್ಟಿಕ್ ಇಟ್ಟಿಗೆ ಹೊರಬಂತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಇಟ್ಟಿಗೆ ಓಲೆ ಕಿರ್ಕ್ ಅವರ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ ಹಿಲರಿ ಫಿಶರ್ ಪೇಜ್ ಎಂಬವರು ಕಿಡ್ಡಿಕ್ರಾಫ್ಟ್ ಎಂಬ ಆಟಿಕೆ ಸಂಸ್ಥೆ ನಡೆಸುತ್ತಿದ್ದರು. ಮಗುವಿನ ಮೊದಲ ಐದು ವರ್ಷಗಳ ಆಟದ ಬಗ್ಗೆ 1938ರಲ್ಲಿಯೇ ಪುಸ್ತಕ ಬರೆದವರು ಅವರು. ಒಂದಕ್ಕೊಂದು ಕೂಡಿಕೊಳ್ಳುವ ಪ್ಲಾಸ್ಟಿಕ್ ಘನಗಳಿಗೆ 1940ರಲ್ಲಿ ಬ್ರಿಟಿಷ್ ಪೇಟೆಂಟ್ ಪಡೆದು, 1947ರ ಸುಮಾರಿಗೆ ಇಟ್ಟಿಗೆಗಳನ್ನು ಮಾರುಕಟ್ಟೆಗೆ ತಂದಿದ್ದರು. ಯಂತ್ರದ ಜೊತೆಗೆ ಆ ಇಟ್ಟಿಗೆಯ ಮಾದರಿಗಳೂ ಬಿಲ್ಲುಂಡಿಗೆ ತಲುಪಿದವು. ತಂದೆ ಮಗ ಅಂಗುಲದ ಅಳತೆಯನ್ನು ಮಿಲಿಮೀಟರಿಗೆ ಬದಲಿಸಿದರು, ಗುಬುಟುಗಳ ತಲೆಯನ್ನು ಚಪ್ಪಟೆ ಮಾಡಿದರು, ಮಾರಿದರು. ಪೇಜ್ 1957ರಲ್ಲಿ ತೀರಿಕೊಂಡರು. ಬಿಲ್ಲುಂಡಿನಲ್ಲಿ ತಮ್ಮ ಇಟ್ಟಿಗೆಯ ಹೋಲಿಕೆಯೊಂದು ಬೆಳೆಯುತ್ತಿದೆ ಎಂಬುದು ಅವರಿಗೆ ತಿಳಿದೇ ಇರಲಿಲ್ಲವೆಂದು ಅವರ ಮನೆಯವರು ಹೇಳಿದ್ದಾರೆ. ಲೆಗೊ ಸಂಸ್ಥೆ 1981ರಲ್ಲಿ ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಹಕ್ಕುಗಳನ್ನು ಹಣ ಕೊಟ್ಟು ಕೊಂಡಿತು. ಮೂಲ ಎಲ್ಲಿಯದೆಂಬುದನ್ನು ಈಗ ಅದು ಮುಚ್ಚಿಡುವುದೂ ಇಲ್ಲ.

ಪರೀಕ್ಷೆಯ ಕೋಣೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದ ಹುಡುಗನನ್ನು ನಾವು ಎಬ್ಬಿಸಿ ನಿಲ್ಲಿಸುತ್ತೇವೆ. ಈ ತಂದೆ ಮಗನನ್ನು ಏನು ಮಾಡಬೇಕು? ಪೇಜ್ ಅವರ ಪೇಟೆಂಟ್ ಡೆನ್ಮಾರ್ಕಿನಲ್ಲಿ ಇರಲಿಲ್ಲ, ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಅಪರಾಧವಲ್ಲ. ಆದರೂ ಒಬ್ಬರ ಹೆಸರು ಜಗತ್ತಿಗೆಲ್ಲ ಗೊತ್ತಾಗಿ ಇನ್ನೊಬ್ಬರದು ಗೊತ್ತಾಗದೆ ಹೋಯಿತಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಮಾಡೆಲ್‌ಗಳ ಮೇಲೆ ಅಲ್ಲದಿದ್ದರೂ ಪಾಠಗಳಲ್ಲಿ ಆ ಹೆಸರು ಬರಬೇಕು. ಮುಂದೆ ಇದೇ ಸಂಸ್ಥೆ ಬೇರೆಯವರು ತನ್ನ ಇಟ್ಟಿಗೆಯನ್ನು ನಕಲು ಮಾಡಿದಾಗ ನ್ಯಾಯಾಲಯಕ್ಕೆ ಹೋಯಿತು. ಹಾಂಗ್‌ಕಾಂಗಿನಿಂದ ಮೇಲ್ಮನವಿಯಾಗಿ ಹೋದ ಟೈಕೋ ಕಂಪನಿಯ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ 1988ರಲ್ಲಿ ಲೆಗೊ ವಿರುದ್ಧವೇ ತೀರ್ಪು ಕೊಟ್ಟಿತು.

ಹಾಗೆಂದು ಬಿಲ್ಲುಂಡಿನವರದು ಬರೀ ನಕಲು ಎಂದರೂ ತಪ್ಪಾಗುತ್ತದೆ. ಮೊದಲ ವರ್ಷಗಳಲ್ಲಿ ಆ ಇಟ್ಟಿಗೆಗಳಿಗೆ ಬೇಡಿಕೆ ಅಷ್ಟಕ್ಕಷ್ಟೇ. ಇಲ್ಲಿ ನಿಜವಾದ ಆಟಿಕೆ ಅಂಗಡಿಯೊಂದು ಕಥೆಯೊಳಗೆ ಬರುತ್ತದೆ. 1954ರ ಜನವರಿಯಲ್ಲಿ ಗೊಟ್‌ಫ್ರೆಡ್ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದರು. ಕೋಪನ್‌ಹೇಗನ್ನಿನ ಮಗಸಿನ್ ದು ನೋರ್ ಎಂಬ ದೊಡ್ಡ ಮಳಿಗೆಯ ಆಟಿಕೆ ವಿಭಾಗದ ಟ್ರೋಲ್ಸ್ ಪೀಟರ್ಸನ್ ಅದೇ ಹಡಗಿನಲ್ಲಿದ್ದರು. ಆಟಿಕೆ ವ್ಯಾಪಾರದಲ್ಲಿ ಒಂದು ವ್ಯವಸ್ಥೆ ಎಂಬುದೇ ಇಲ್ಲ ಎಂದು ಅವರು ಗೊಣಗಿಕೊಂಡರು. ಗೊಟ್‌ಫ್ರೆಡ್ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿಗೆ ಬಂದು, ತಮ್ಮ ಇನ್ನೂರಕ್ಕೂ ಹೆಚ್ಚು ಬಗೆಯ ಆಟಿಕೆಗಳನ್ನೆಲ್ಲ ಒಂದೊಂದಾಗಿ ನೋಡಿ ಇಟ್ಟಿಗೆಯನ್ನೇ ಆರಿಸಿಕೊಂಡರು. ಇವತ್ತು ಕೊಂಡದ್ದು ನಾಳೆ ಕೊಂಡದ್ದಕ್ಕೆ ಕೂಡಬೇಕು ಎಂಬುದೇ ಅವರ ಸೂತ್ರ. 1955ರಲ್ಲಿ ಬೀದಿಗಳ ನಕ್ಷೆಯ ಮೇಲೆ ಮನೆ, ಅಂಗಡಿ, ಪೆಟ್ರೋಲ್ ಬಂಕ್ ಎಲ್ಲವನ್ನೂ ಕಟ್ಟುತ್ತ ಹೋಗಬಹುದಾದ 'ಊರಿನ ನಕ್ಷೆ' ಹೊರಬಂತು. ಒಬ್ಬ ಅಂಗಡಿಯವನ ಗೊಣಗಾಟದಿಂದ ಒಂದು ಊರೇ ಹುಟ್ಟಿತೆನ್ನಬಹುದು!

ಆದರೆ ಕಟ್ಟಿದ್ದು ನಿಲ್ಲುತ್ತಿರಲಿಲ್ಲ. ಟೊಳ್ಳು ಇಟ್ಟಿಗೆಗೆ ಹಿಡಿತ ಸಾಲದೆ, ಮಗು ಎತ್ತಿದರೆ ಮನೆ ಕುಸಿಯುತ್ತಿತ್ತು. ಜರ್ಮನಿಯ ಮಾರಾಟಗಾರರಿಂದ ದೂರು ಬಂದ ಮೇಲೆ ಒಳಗೆ ಕೊಳವೆ ಇಡುವ ಉಪಾಯ ಹೊಳೆಯಿತು. 1958ರ ಜನವರಿ 28ರಂದು ಅದರ ಪೇಟೆಂಟಿಗೆ ಅರ್ಜಿ ಹಾಕಿದರು. ಅದೇ ವರ್ಷದ ಮಾರ್ಚಿನಲ್ಲಿ ಓಲೆ ಕಿರ್ಕ್ ತೀರಿಕೊಂಡರು.

ಮೂರನೆಯ ಬೆಂಕಿ 1960ರ ಫೆಬ್ರವರಿಯದು. ಮರದ ಆಟಿಕೆಗಳ ಉಗ್ರಾಣ ಸುಟ್ಟಿತು. ಹಿಂದೆ ಎರಡು ಸಲ ಸುಟ್ಟಾಗಲೂ ಮತ್ತೆ ಕಟ್ಟಿದ ಮನೆತನ ಈ ಸಲ ಕಟ್ಟಲಿಲ್ಲ. ಮರ ಸಾಕು, ಪ್ಲಾಸ್ಟಿಕ್ ಒಂದೇ ಇರಲಿ ಎಂದು ಗೊಟ್‌ಫ್ರೆಡ್ ತೀರ್ಮಾನಿಸಿದರು. ಸೋದರರಾದ ಗೆರ್ಹಾರ್ಡ್ ಮತ್ತು ಕಾರ್ಲ್ ಗೆಓರ್ಗ್ ಸಂಸ್ಥೆಯನ್ನು ಬಿಟ್ಟು ಹೋದರು. ಗೆರ್ಹಾರ್ಡ್ ಬಿಲೋಫಿಕ್ಸ್ ಎಂಬ ಹೆಸರಿನಲ್ಲಿ ಮರದ ಜೋಡಣೆ ಆಟಿಕೆ ಮಾಡಿದರು. ತಂದೆಯ ಕಸುಬು ಆ ಮನೆಯಿಂದ ಹೊರನಡೆದದ್ದು ಹೀಗೆ. ಗೊಟ್‌ಫ್ರೆಡ್ ಅವರ ನಿರ್ಧಾರ ವ್ಯಾಪಾರದ ದೃಷ್ಟಿಯಿಂದ ಸರಿ ಎಂದು ಕಾಲ ತೋರಿಸಿತು ನಿಜ. ಆದರೆ ಮೂರನೆಯ ಸಲದ ವಾರ್ನಿಷ್‌ಗಾಗಿ ಬೈಸಿಕೊಂಡ ಮಗನೇ ಆ ಬಾಗಿಲನ್ನು ಮುಚ್ಚಬೇಕಾಯಿತಲ್ಲ ಎಂದು ಓದುವಾಗ ಮನಸ್ಸಿಗೆ ಏನೋ ಒಂದು ಚುಚ್ಚುತ್ತದೆ.

ಮುಂದಿನದು ಬಹಳ ಮಂದಿಗೆ ತಿಳಿದದ್ದೇ. 1963ರಿಂದ ಸೊಟ್ಟಗಾಗುವ ಹಳೆಯ ಸೆಲ್ಯುಲೋಸ್ ಅಸಿಟೇಟ್ ಬದಲು ಎ.ಬಿ.ಎಸ್. ಪ್ಲಾಸ್ಟಿಕ್ ಬಂತು. 1968ರಲ್ಲಿ ಬಿಲ್ಲುಂಡಿನಲ್ಲಿ ಲೆಗೊಲ್ಯಾಂಡ್ ತೆರೆಯಿತು. 1978ರಲ್ಲಿ ಕೈಕಾಲು ಆಡಿಸುವ ಪುಟ್ಟ ಮನುಷ್ಯರು ಬಂದರು. 2003-04ರಲ್ಲಿ ಸಂಸ್ಥೆ ಮುಳುಗುವ ಹಂತಕ್ಕೆ ಬಂತು. ಬಿಡಿಭಾಗಗಳ ಬಗೆಗಳು ಹನ್ನೆರಡು ಸಾವಿರ ದಾಟಿದ್ದವು. ಗೊಟ್‌ಫ್ರೆಡ್ ಅವರ ಸೂತ್ರವನ್ನೇ ಮರೆತಿದ್ದರೆನ್ನಬೇಕು. 2004ರಲ್ಲಿ ಮುಖ್ಯಸ್ಥರಾದ ಯೋರ್ಗನ್ ವಿಗ್ ಕ್ನೂಡ್‌ಸ್ಟೋರ್ಪ್ ಆ ಬಗೆಗಳನ್ನು ಅರ್ಧದಷ್ಟಕ್ಕೆ ಇಳಿಸಿದರು. ಮೊದಲಿದ್ದ ಸಾಮಾನ್ಯ ಇಟ್ಟಿಗೆಯನ್ನೇ ಹೊಸ ರೀತಿಯಲ್ಲಿ ಬಳಸಿರಿ ಎಂದು ವಿನ್ಯಾಸಕಾರರಿಗೆ ಹೇಳಿದರು.

ನಮ್ಮ ಆಟಿಕೆ ಅಂಗಡಿ ಬಂದದ್ದು ಅದಾದ ಐದು ವರ್ಷಕ್ಕೆ. ಅದರ ಕಿಟಕಿಯನ್ನು ಇನ್ನೊಮ್ಮೆ ಇಣುಕಿ ನೋಡಿ. ಅಲ್ಲಿಟ್ಟ ಆಟಿಕೆಗಳಿಗೆಂದು ಬೇರೆ ಅಚ್ಚು ಮಾಡಿಲ್ಲ. ನಾಲ್ಕಾರು ಸಾಮಾನ್ಯ ತುಂಡುಗಳನ್ನು ಸೇರಿಸಿದರೆ ಒಂದು ಆಟಿಕೆ. ಇಂತಹ ಅಂಗಡಿಯನ್ನು ನೀವೇ ಕಟ್ಟಹೊರಟರೆ ಪೆಟ್ಟಿಗೆಯೂ ಬೇಕಿಲ್ಲ, ಬಿಡಿ ಇಟ್ಟಿಗೆಗಳಿದ್ದರೆ ಸಾಕು. ಮೊದಲು ನೆಲ, ಆಮೇಲೆ ಕಿಟಕಿಯ ಜಾಗ ಬಿಟ್ಟು ಗೋಡೆ, ಒಳಗಿನ ಸಾಮಾನುಗಳನ್ನು ಮಾಡು ಮುಚ್ಚುವ ಮೊದಲೇ ಇಟ್ಟುಬಿಡಿ. ಹಿಂಬದಿಯನ್ನು ತೆರೆದಿಡಿ, ಇಲ್ಲವಾದರೆ ಮಕ್ಕಳ ಕೈ ಒಳಗೆ ಹೋಗುವುದಿಲ್ಲ. 1958ರ ಹಳೆಯ ಕೊಳವೆ ಇಟ್ಟಿಗೆಯೊಂದು ಎಲ್ಲಾದರೂ ಸಿಕ್ಕರೆ ಅದನ್ನೂ ಗೋಡೆಗೆ ಸೇರಿಸಬಹುದು, ಇಂದಿನ ಇಟ್ಟಿಗೆಗೆ ಅದು ಸರಿಯಾಗಿ ಕೂಡಿಕೊಳ್ಳುತ್ತದೆ. ಅಂಗುಲದ ಅಳತೆಯಲ್ಲಿದ್ದ ಪೇಜ್ ಅವರ ಇಟ್ಟಿಗೆ ಮಾತ್ರ ಒಂದು ಕೂದಲೆಳೆಯಷ್ಟರಲ್ಲಿ ತಪ್ಪುತ್ತದೆ.